ಗಂಡಸರಿಲ್ಲದ ಸಂಗೀತೋತ್ಸವ

ವಿಶಾಲವಾದ ಬಯಲಿನಲ್ಲಿ ಡೇರೆ ಹಾಕಿಕೊಂಡು ಮೂರು ನಾಲ್ಕು ದಿನ ಹಗಲಿರುಳೆನ್ನದೆ ಹಾಡು ಕೇಳುವ ಪದ್ಧತಿ ಪಶ್ಚಿಮದ ದೇಶಗಳಲ್ಲಿ ತೀರ ಹಳೆಯದೇನಲ್ಲ. 1969ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಹೈನುಗಾರನೊಬ್ಬನ ಹೊಲದಲ್ಲಿ ನಡೆದ ವುಡ್‌ಸ್ಟಾಕ್ ಉತ್ಸವ ಅದರ ಪುರಾಣಕ್ಕೆ ಆದಿಪರ್ವವೆನಿಸಿತು. ಶಾಂತಿ ಮತ್ತು ಸಂಗೀತದ ಉತ್ಸವವೆಂದೇ ಅದನ್ನು ಬಣ್ಣಿಸುವುದು ರೂಢಿ. ಆ ಜನಸಾಗರದ ನಡುವೆ ನಿಂತ ಹೆಂಗಸಿನ ಪಾಡೇನು ಎಂದು ವಿಚಾರಿಸಿದವರು ವಿರಳ. 1999ರ ಜುಲೈಯಲ್ಲಿ ಅದೇ ಹೆಸರಿನ ಉತ್ಸವ ಮುಚ್ಚಿಹೋದ ವಾಯುನೆಲೆಯೊಂದರಲ್ಲಿ ನಡೆಯಿತು. ಉರಿಬಿಸಿಲಿನಲ್ಲಿ ಒಂದು ಸೀಸೆ ನೀರಿಗೆ 4 ಡಾಲರ್ ಕಿತ್ತರೆಂಬುದೂ ಕೊನೆಯ ರಾತ್ರಿ ಬೆಂಕಿ ಹೊತ್ತಿದ್ದೂ ಲೋಕಕ್ಕೆಲ್ಲ ತಿಳಿಯಿತು. ಅಲ್ಲಿ ಅತ್ಯಾಚಾರದ ದೂರುಗಳೂ ಬಂದಿದ್ದವು. ನೀರಿನ ಬೆಲೆ ನೆನಪಿನಲ್ಲಿ ಉಳಿದಷ್ಟು ಅವು ಉಳಿಯಲಿಲ್ಲ.

ಈ ಮೌನ ಒಡೆದದ್ದು, ಸ್ತ್ರೀಪುರುಷ ಸಮಾನತೆಗೆ ಹೆಸರಾದ ಸ್ವೀಡನ್ನಿನಲ್ಲಿ ಎಂಬುದು ಗಮನಿಸತಕ್ಕ ಸಂಗತಿ. ರಾಜಧಾನಿ ಸ್ಟಾಕ್‌ಹೋಮ್‌ನ ನಡುಮಧ್ಯದ ಉದ್ಯಾನದಲ್ಲಿ ಹದಿಹರೆಯದವರಿಗಾಗಿ ಪ್ರತಿವರ್ಷ ಉಚಿತ ಸಂಗೀತೋತ್ಸವವೊಂದು ನಡೆಯುತ್ತಿತ್ತು. 2014 ಮತ್ತು 2015ರಲ್ಲಿ ಹುಡುಗರ ಗುಂಪುಗಳು ಹುಡುಗಿಯರನ್ನು ಸುತ್ತುವರಿದು ಪೀಡಿಸಿದ್ದುವು. ಪೊಲೀಸರಿಗೆ ಇದು ಗೊತ್ತಿತ್ತು; ಆದರೂ ಉತ್ಸವದಲ್ಲಿ ಹೇಳಿಕೊಳ್ಳುವಂಥ ಅಪರಾಧಗಳಾಗಲಿಲ್ಲವೆಂಬ ಧಾಟಿಯ ಪ್ರಕಟಣೆ ಹೊರಟಿತು. 2016ರ ಜನವರಿಯಲ್ಲಿ ‘ದಾಗೆನ್ಸ್ ನ್ಯೂಹೆಟರ್’ ಪತ್ರಿಕೆ ವಿಷಯವನ್ನು ಬಯಲಿಗೆಳೆಯಿತು. ವಲಸೆಗಾರರನ್ನು ದ್ವೇಷಿಸುವ ಪಕ್ಷಕ್ಕೆ ಇದರಿಂದ ಲಾಭವಾದೀತೆಂಬ ಅಳುಕೂ ನಮಗೆ ಒಮ್ಮೊಮ್ಮೆ ಉಂಟೆಂದು ಪೊಲೀಸ್ ಅಧಿಕಾರಿಯೊಬ್ಬರೇ ಹೇಳಿದರು. ಆ ಹುಡುಗಿಯರಿಗೆ ಎರಡು ಬಾರಿ ದ್ರೋಹವಾಯಿತೆಂಬುದು ಆಗಿನ ಪ್ರಧಾನಿ ಸ್ಟೆಫಾನ್ ಲೋವೆನ್ ಅವರ ಅಭಿಪ್ರಾಯವಾಗಿತ್ತು. ಅನಂತರದ ಚರ್ಚೆಯಾದರೂ ಏನು? ಪೀಡಿಸಿದವರು ಯಾವ ದೇಶದವರು ಎಂಬುದರ ಸುತ್ತಲೇ ಅದು ಸುತ್ತಿತು. ಇದನ್ನು ಮೂರನೆಯ ದ್ರೋಹವೆಂದರೆ ತಪ್ಪಾಗಲಾರದು.

ಆಗ ದೇಶದ ಅತಿ ದೊಡ್ಡ ಉತ್ಸವವಾಗಿದ್ದುದು ಬ್ರೋವಲ್ಲಾ. ನಾರ್ಷೋಪಿಂಗ್ ಪಟ್ಟಣದ ಬಳಿ, ಇದೂ ಹಳೆಯ ವಾಯುನೆಲೆಯೊಂದರಲ್ಲಿಯೇ, 2013ರಿಂದ ನಡೆದುಬರುತ್ತಿತ್ತು. 2016ರಲ್ಲಿ ಅಲ್ಲಿಂದ ಅತ್ಯಾಚಾರದ ದೂರುಗಳು ಬಂದಾಗ, ಅಲ್ಲಿ ಹಾಡಿದ್ದ ಇಂಗ್ಲೆಂಡಿನ ಮಮ್‌ಫೋರ್ಡ್ ಅಂಡ್ ಸನ್ಸ್ ತಂಡ, ಸರಿಯಾದ ಭರವಸೆ ದೊರೆಯುವವರೆಗೆ ತಾವು ಆ ವೇದಿಕೆಯನ್ನು ಹತ್ತುವುದಿಲ್ಲವೆಂದು ಸಾರಿತು. ಮರುವರ್ಷ ಮತ್ತೆ 4 ಅತ್ಯಾಚಾರಗಳ, 23 ಲೈಂಗಿಕ ಕಿರುಕುಳಗಳ ದೂರು ದಾಖಲಾಯಿತು. ವ್ಯವಸ್ಥಾಪಕರು 2018ರ ಉತ್ಸವವನ್ನೇ ರದ್ದುಗೊಳಿಸಿದರು. ಕೆಲವರ ದುರ್ನಡತೆಗಾಗಿ ಎಲ್ಲರ ಹಾಡೂ ನಿಂತಿತು.

ಆಗ ಎಮ್ಮಾ ಕ್ನಿಕಾರೆ ಎಂಬ ಹಾಸ್ಯಕಲಾವಿದೆ ಒಂದು ಪ್ರಶ್ನೆಯೆತ್ತಿದಳು: ಗಂಡಸರೆಲ್ಲ ನಡತೆ ಕಲಿಯುವವರೆಗೆ ಅವರಿಲ್ಲದ ಉತ್ಸವವನ್ನೇಕೆ ಮಾಡಬಾರದು? ಹೆಂಗಸರದೇ ಉತ್ಸವ ಲೋಕಕ್ಕೆ ಹೊಸತಲ್ಲ. ಅಮೆರಿಕದ ಮಿಚಿಗನ್‌ನಲ್ಲಿ 1976ರಿಂದ 2015ರವರೆಗೆ ಅಂಥದೊಂದು ನಡೆದಿತ್ತು. ಆದರೆ ಎಮ್ಮಾಳ ಮಾತಿನಲ್ಲಿ ಕುಚೋದ್ಯದ ಮೊನೆಯಿತ್ತು. ಜಾತ್ರೆಗೆ ಹೋಗಬೇಡ, ಕತ್ತಲಾಗುವ ಮುನ್ನ ಮನೆ ಸೇರು ಎಂಬ ಬುದ್ಧಿವಾದ ನಮ್ಮಲ್ಲಿಯೂ ಹೆಣ್ಣುಮಗಳಿಗೇ ಮೀಸಲಲ್ಲವೆ? ಅದನ್ನು ಆಕೆ ತಿರುಗಿಸಿ ಗಂಡಸರ ಕಡೆಗೆ ಹಿಡಿದಳು. 3,000ಕ್ಕೂ ಹೆಚ್ಚು ಮಂದಿ ಸೇರಿ 5 ಲಕ್ಷ ಕ್ರೋನಕ್ಕೂ ಮಿಗಿಲಾದ ಹಣ ಕೂಡಿಸಿದರು. 2018ರ ಆಗಸ್ಟ್ 31 ಮತ್ತು ಸೆಪ್ಟೆಂಬರ್ 1ರಂದು ಗೋಥೆನ್‌ಬರ್ಗ್ ನಗರದಲ್ಲಿ ‘ಸ್ಟೇಟ್‌ಮೆಂಟ್’ ಉತ್ಸವ ನಡೆಯಿತು. ಬಂದವರು ಸುಮಾರು 5,000. ಹೆಂಗಸರಲ್ಲದೆ, ಲಿಂಗಾಂತರಿಗಳಿಗೂ ಗಂಡು ಹೆಣ್ಣೆಂಬ ವಿಂಗಡಣೆಗೆ ಒಳಪಡದವರಿಗೂ ಪ್ರವೇಶವಿತ್ತು. ವೇದಿಕೆಯ ಮೇಲೆ ಹಾಡಿದವರೂ ಹೆಂಗಸರೇ.

ತಾರತಮ್ಯ ನಿವಾರಣೆಯ ಅಧಿಕಾರಿಗೆ ಈ ವಿಷಯ ಹೋಯಿತು. ಉತ್ಸವ ಗಂಡಸರಿಗಲ್ಲವೆಂದು ಮುಂಚಿತವಾಗಿ ಸಾರಿದ್ದು ಕಾನೂನಿಗೆ ವಿರುದ್ಧವೆಂದು 2018ರ ಡಿಸೆಂಬರ್‌ನಲ್ಲಿ ತೀರ್ಪಾಯಿತು. ಬಾಗಿಲಿನಲ್ಲಿ ಲಿಂಗ ನೋಡಿ ಸ್ಪಷ್ಟವಾದ ಭೇದ ಮಾಡಿರಲಿಲ್ಲ, ಯಾರಿಗೂ ನಷ್ಟವಾಗಿರಲಿಲ್ಲ ಎಂಬುದನ್ನೂ ಅದೇ ತೀರ್ಪು ಒಪ್ಪಿತು, ದಂಡ ಬೀಳಲಿಲ್ಲ. ಕಾನೂನಿನ ಲೆಕ್ಕದಲ್ಲಿ ತೀರ್ಪು ಸರಿಯೇ. ಆದರೆ ಬ್ರೋವಲ್ಲಾದ ಬಯಲಿಗೆ ಹೋಗಲು ಹೆದರಿ ಟಿಕೆಟ್ ಕೊಳ್ಳದೆ ಮನೆಯಲ್ಲಿಯೇ ಉಳಿದ ಹೆಣ್ಣುಮಕ್ಕಳನ್ನು ಯಾವ ಕಚೇರಿಯೂ ಎಣಿಸಿರಲಿಲ್ಲ. ಒಂದೇ ವರ್ಷಕ್ಕೆಂದು ರದ್ದಾದ ಆ ಉತ್ಸವ ಮತ್ತೆ ನಡೆಯಲೇ ಇಲ್ಲ.