ಉಪದೇಶಿ ಸೇವೆ ಮತ್ತು ಸಭಾವೃದ್ಧಿ ವಿವಾದಗಳು (ಕನ್ನಡ ನಾಡಿನ ಲೂಥರನ್ ಪರಂಪರೆ)

ಪಾದ್ರಿದೀಕ್ಷೆ ಪಡೆಯದ ವಿಶ್ವಾಸಿ ಸಭೆಯಲ್ಲಿ ಎಷ್ಟರಮಟ್ಟಿಗೆ ಸೇವೆ ಮಾಡಬಹುದು, ಸಭೆ ಬೆಳೆಯಲು ಯಾವ ಹಾದಿ ಸರಿ ಎಂಬ ಎರಡು ಪ್ರಶ್ನೆಗಳ ಸುತ್ತ ಲೂಥರನ್ ಕ್ರೈಸ್ತರಲ್ಲಿ ಹಿಂದಿನಿಂದಲೂ ನಡೆದುಬಂದ ವಾದ. ಕನ್ನಡ ನಾಡಿನಲ್ಲಿ ಇದರ ಮುಖ್ಯ ನೆಲೆ ಬಾಸೆಲ್ ಮಿಶನ್. 1815ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಈ ಸಂಸ್ಥೆ ಅಪ್ಪಟ ಲೂಥರನ್ ಅಲ್ಲ. ಮಿಶನರಿಗಳಲ್ಲಿ ಹೆಚ್ಚಿನವರು ಜರ್ಮನಿಯ ವುರ್ಟೆಂಬರ್ಗಿನ ಲೂಥರನ್ನರು. ಜೊತೆಗೆ ಸ್ವಿಸ್ ರಿಫಾರ್ಮ್ಡ್ ಪಂಥದವರೂ ಇದ್ದರು. ಈ ಬೆರಕೆ ಕಟ್ಟಾ ಲೂಥರನ್ನರಾದ ಲೈಪ್‌ಜಿಗ್ ಮಿಶನ್ನಿನವರಿಗೆ ಒಪ್ಪಿಗೆಯಾಗಲಿಲ್ಲ.

ಬಾಸೆಲ್ ಮಿಶನ್ನಿನ ಕೇಂದ್ರಗಳು ಮಂಗಳೂರು (1834), ಧಾರವಾಡ (1837), ಹುಬ್ಬಳ್ಳಿ (1839), ಗದಗ-ಬೆಟಗೇರಿ (1841) ಎಂದು ಒಳನಾಡಿನತ್ತ ಸಾಗಿದವು.     

ವಾದದ ಬೇರು ಲೂಥರನಲ್ಲೇ ಇದೆ. 1520ರಲ್ಲಿ ಅವನು ದೀಕ್ಷಾಸ್ನಾನವಾದ ಪ್ರತಿಯೊಬ್ಬರೂ ಯಾಜಕರೇ ಎಂದು ಬರೆದ. ಹತ್ತು ವರ್ಷದ ನಂತರ ಬಂದ ಆಗ್ಸ್‌ಬರ್ಗ್ ವಿಶ್ವಾಸಪ್ರಮಾಣದ 14ನೆಯ ಕಲಮು, ಕ್ರಮಬದ್ಧವಾಗಿ ಕರೆಯಲ್ಪಡದವರು ಸಭೆಯಲ್ಲಿ ಬೋಧಿಸಬಾರದು, ಸಂಸ್ಕಾರಗಳನ್ನು ನಡೆಸಬಾರದು ಎಂದಿತು. ಮುಂದೆ ಯಾರು ಯಾವ ಪಕ್ಷ ಹಿಡಿದರೂ ಇವೆರಡರಲ್ಲಿ ಒಂದರ ಆಸರೆ ಸಿಕ್ಕೇ ಸಿಗುತ್ತಿತ್ತು.

ಕನ್ನಡ ಸಭೆಗಳಲ್ಲಿ ಈ ಇಬ್ಬಂದಿತನವನ್ನು ಹೊತ್ತವನು ಉಪದೇಶಿ. ಹಳ್ಳಿಯಲ್ಲಿ ಮನೆ ಮಾಡಿಕೊಂಡು, ಮಕ್ಕಳಿಗೆ ಅಕ್ಷರ ಕಲಿಸಿ, ಸಂತೆಯಲ್ಲಿ ಸುವಾರ್ತೆ ಸಾರಿ, ಭಾನುವಾರದ ಪ್ರಾರ್ಥನೆ ನಡೆಸುತ್ತಿದ್ದವನು ಅವನೇ. ಆದರೆ ದೀಕ್ಷಾಸ್ನಾನಕ್ಕೂ ಪ್ರಭುಭೋಜನಕ್ಕೂ ಜನ ಮಿಶನರಿ ಅಯ್ಯನವರ ಸವಾರಿ ಬರುವ ತನಕ ಕಾಯಬೇಕಿತ್ತು. ಇವರನ್ನು ತಯಾರು ಮಾಡಲು ಮಂಗಳೂರಿನ ಬಲ್ಮಠದಲ್ಲಿ ಸೆಮಿನರಿ ನಡೆಯಿತು. ಪಾದ್ರಿದೀಕ್ಷೆಯ ಬಾಗಿಲು ತೆರೆದದ್ದು ನಿಧಾನವಾಗಿ. ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ 1844ರ ಜನವರಿ 6ರಂದು ಮಂಗಳೂರಿನಲ್ಲಿ ದೀಕ್ಷಾಸ್ನಾನ ಪಡೆದ. ಹೆರ್ಮನ್ ಎಂಬ ಹೆಸರು ಹೊತ್ತು ಬಾಸೆಲ್‌ನಲ್ಲಿ ಓದಿ 1851ರಲ್ಲಿ ಪಾದ್ರಿಯಾಗಿ ಮರಳಿದ. ಯುರೋಪಿನಲ್ಲಿ ಓದಿದ್ದಕ್ಕೇ ಅವನಿಗೆ ಮಿಶನರಿಯ ಸ್ಥಾನ ದಕ್ಕಿತು. ಊರಲ್ಲೇ ಕಲಿತ ಉಪದೇಶಿಗಳಿಗೆ ಅದು ಎಟುಕಲಿಲ್ಲ. ತತ್ತ್ವದ ಮಾತಿನ ಕೆಳಗೆ ಸಂಬಳ ಮತ್ತು ಅಂತಸ್ತಿನ ಲೆಕ್ಕವೂ ಇತ್ತು ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಸಭೆ ಬೆಳೆಸುವ ವಿಧಾನದ ಜಗಳ ಇನ್ನೂ ಬಿಸಿಯಾಗಿತ್ತು. ಮೊದಲ ತಂಡದ ಸಾಮ್ಯುಯೆಲ್ ಹೇಬಿಕ್ (1803–1868) ಉದ್ದ ಗಡ್ಡ ಬಿಟ್ಟುಕೊಂಡು ಜಾತ್ರೆಗಳಿಗೆ ನುಗ್ಗಿ ಸಾರುತ್ತಿದ್ದ, ಕಣ್ಣೂರಿನ ಇಂಗ್ಲಿಷ್ ಸೈನ್ಯಾಧಿಕಾರಿಗಳನ್ನೂ ಮೊಣಕಾಲೂರಿಸುತ್ತಿದ್ದ. ಅವನ ಆವೇಶದ ರೀತಿ ಸಹೋದ್ಯೋಗಿಗಳಿಗೇ ಇರುಸುಮುರುಸು ತಂದಿತು. 1843ರಲ್ಲಿ ‘ಮಂಗಳೂರು ಸಮಾಚಾರ’ ಹೊರಡಿಸಿದ ಹೆರ್ಮನ್ ಮೊಗ್ಲಿಂಗ್ ನಂಬಿದ್ದು ಶಾಲೆ, ಅಚ್ಚು, ಸಾಹಿತ್ಯದ ನಿಧಾನದ ಹಾದಿಯನ್ನು. ಆದರೆ ಅವನೂ ಸಮಿತಿಯ ಶಿಸ್ತಿಗೆ ಒಗ್ಗುವ ಆಳಲ್ಲ. 1853ರಲ್ಲಿ ಅಲ್ಮಂಡ ಸೋಮಯ್ಯನೆಂಬ ಕೊಡವನ ಕರೆಗೆ ಓಗೊಟ್ಟು, ಬಾಸೆಲ್‌ನ ಮೇಲಿನವರ ಅಪ್ಪಣೆಗೆ ಕಾಯದೆ ಕೊಡಗಿಗೆ ಹೋದ. ಅಲ್ಲಿ ಆನಂದಪುರದ ಸಭೆ ಕಟ್ಟಿಕೊಂಡದ್ದು ಕೊಡವರಿಂದಲ್ಲ, ಜಮೀನಿನ ಆಳುಗಳಾಗಿದ್ದ ಹೊಲೆಯ ಕುಟುಂಬಗಳಿಂದ.

ಗುಂಪುಗುಂಪಾಗಿ ಬರುವವರನ್ನು ಸೇರಿಸಿಕೊಳ್ಳಬೇಕೆ ಎಂಬ ಪ್ರಶ್ನೆ ಕನ್ನಡ ನಾಡಿನ ಉತ್ತರ ಭಾಗದಲ್ಲಿ ಮೊದಲೇ ಎದ್ದಿತ್ತು. ಹುಬ್ಬಳ್ಳಿ-ಗದಗ ಸೀಮೆಯಲ್ಲಿ ಕಾಲಜ್ಞಾನದ ಭವಿಷ್ಯವಾಣಿಯನ್ನು ನಂಬಿದ್ದ ಪಂಗಡವೊಂದು 1840ರ ಸುಮಾರಿಗೆ ಮಿಶನರಿಗಳತ್ತ ಒಲವು ತೋರಿತು. ಅಂಥವರಿಗೆ ಗದಗಿನ ಬಳಿ ಮಲಸಮುದ್ರದಲ್ಲಿ ಒಕ್ಕಲುತನದ ನೆಲೆ ತೆರೆದರು. ನಿರೀಕ್ಷಿಸಿದ ಜನ ಬರಲಿಲ್ಲ, ಬಂದವರು ನಿಲ್ಲಲಿಲ್ಲ. 1850ರಿಂದ 1879ರವರೆಗೆ ಬಾಸೆಲ್‌ನ ಮುಖ್ಯ ಇನ್‌ಸ್ಪೆಕ್ಟರಾಗಿದ್ದ ಯೋಸೆಫ್ ಯೋಸೆನ್‌ಹಾನ್ಸ್ 1851–52ರಲ್ಲಿ ಖುದ್ದಾಗಿ ಬಂದು ನೋಡಿದ. ಅಲ್ಲಿಂದ ಮುಂದೆ ಸಭೆಗೆ ಬರೆದಿಟ್ಟ ಕಟ್ಟಳೆ, ಹಿರಿಯರ ಮಂಡಳಿ, ಶಿಸ್ತುಕ್ರಮಗಳು ಬಲವಾದವು. ಪಾದ್ರಿಗಳಲ್ಲದ ವಿಶ್ವಾಸಿಗಳಿಗೆ ಸಭೆಯ ಆಡಳಿತದಲ್ಲಿ ಪಾಲು ಕೊಟ್ಟದ್ದು ಈ ಕಟ್ಟಳೆ. ಆದರೆ ಕೀಲಿಕೈ ಮಿಶನರಿಯ ಬಳಿಯೇ ಉಳಿಯಿತು.

ಜಾತಿ ಬಿಟ್ಟು ಬಂದವರಿಗೆ ಹೊಟ್ಟೆಪಾಡಿಲ್ಲದಾಗ ಮಿಶನ್ ಮಗ್ಗ ಹಾಕಿತು; 1865ರಲ್ಲಿ ಗಿಯೋರ್ಗ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ. ಹೆಂಚು ಕರಾವಳಿಯ ಮಾಡುಗಳನ್ನೇ ಬದಲಿಸಿತು. ಆದರೆ ದುಡಿಸುವ ಧಣಿಯೂ ಪಾಪನಿವೇದನೆ ಕೇಳುವ ಗುರುವೂ ಒಂದೇ ಸಂಸ್ಥೆಯಾದರೆ ವಿಶ್ವಾಸಿಯ ಮಾತಿಗೆ ಎಷ್ಟು ಬೆಲೆ ಎಂಬ ಅನುಮಾನ ಕಾರ್ಖಾನೆಗಳ ಜೊತೆಗೇ ಬೆಳೆಯಿತು.

ಜಾತಿಯ ವಿಷಯದಲ್ಲಿ ಬಾಸೆಲ್ಲಿಗರು ಗಟ್ಟಿ: ಸಭೆಯೊಳಗೆ ಅದಕ್ಕೆ ಜಾಗವಿಲ್ಲ. ಕಾರ್ಲ್ ಗ್ರೌಲ್‌ನ ನೇತೃತ್ವದ ಲೈಪ್‌ಜಿಗ್ ಮಿಶನ್, ಜಾತಿ ಸಮಾಜದ ವ್ಯವಸ್ಥೆ, ಒತ್ತಾಯದಿಂದ ಮುರಿಯುವಂಥದ್ದಲ್ಲ ಎಂದಿತು. ಅದೇ ಲೈಪ್‌ಜಿಗ್‌ನಿಂದ ಬೈಬಲಿನ ಪ್ರಮಾಣದ ವಿಚಾರದಲ್ಲಿ ಬೇರೆಯಾದ ಮಿಶನರಿಗಳಾದ ನೇಥರ್ ಮತ್ತು ಮೋನ್ 1895ರಲ್ಲಿ ಅಮೆರಿಕದ ಮಿಸೌರಿ ಸಿನಡ್ ಪರವಾಗಿ ಕೃಷ್ಣಗಿರಿಯಲ್ಲಿ ಕೆಲಸ ಶುರುಮಾಡಿದರು. ಮುಂದೆ ಕೋಲಾರದ ಚಿನ್ನದ ಗಣಿಯ ತಮಿಳು ಕಾರ್ಮಿಕರಲ್ಲಿ ಆ ಸಭೆ ಬೇರೂರಿತು. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ಹುಟ್ಟಿದಾಗ ದಕ್ಷಿಣ ಕನ್ನಡದ ಬಾಸೆಲ್ ಸಭೆಗಳು ಅದರಲ್ಲಿ ಸೇರಿದವು. ಮಿಸೌರಿ ಮೂಲದವರು ಹೊರಗೇ ಉಳಿದರು.

ಜಾತಿಯ ಪ್ರಶ್ನೆ 20ನೆಯ ಶತಮಾನದಲ್ಲಿ ಬೇರೆ ವೇಷದಲ್ಲಿ ಮರಳಿತು. ಮಧ್ಯಪ್ರಾಂತದ ದಮೋಹದಲ್ಲಿ ಹುಟ್ಟಿದ ಮಿಶನರಿ ಡೊನಾಲ್ಡ್ ಮೆಕ್‌ಗವ್ರನ್, ಭಾರತದ ಸಾಮೂಹಿಕ ಮತಾಂತರಗಳನ್ನು ನೋಡಿ, ಜನ ತಮ್ಮ ಕುಲ, ಭಾಷೆ, ವರ್ಗದ ಗೆರೆ ದಾಟದೆಯೇ ಕ್ರೈಸ್ತರಾಗಲು ಬಯಸುತ್ತಾರೆ ಎಂದು 1955ರ ಪುಸ್ತಕದಿಂದ ಮೊದಲುಮಾಡಿ ವಾದಿಸಿದ. ‘ಚರ್ಚ್ ಗ್ರೋತ್’ ಚಳವಳಿ ಅದರಿಂದಲೇ ಕವಲೊಡೆಯಿತು. ಗ್ರೌಲ್‌ನ ಪಕ್ಷ ಒಂದು ಶತಮಾನದ ಮೇಲೆ ಅಮೆರಿಕದಲ್ಲಿ ಗೆದ್ದಿತೆಂದರೆ ತಪ್ಪಾಗದು. ಮಿಸೌರಿ ಸಿನಡ್‌ನಲ್ಲಿ ಈ ವಿಧಾನಗಳನ್ನು ಒಂದು ಬಣ ಸ್ವಾಗತಿಸಿತು. ಇನ್ನೊಂದು ಬಣ, ವಾಕ್ಯ ಮತ್ತು ಸಂಸ್ಕಾರಗಳ ಬದಲು ಸಮಾಜಶಾಸ್ತ್ರವನ್ನು ನಂಬಿದ್ದೀರಿ ಎಂದು ಜರೆಯಿತು.

ಉಪದೇಶಿಯ ಪ್ರಶ್ನೆಯೂ ಅದೇ ಸಿನಡ್‌ನಲ್ಲಿ ಎದ್ದಿತು. ಪಾದ್ರಿಗೆ ಸಂಬಳ ಕೊಡಲಾಗದ ಸಣ್ಣ ಸಭೆಗಳಲ್ಲಿ ದೀಕ್ಷೆಯಿಲ್ಲದ ಪರವಾನಗಿ ಸೇವಕರು ಬೋಧನೆಯನ್ನೂ ಸಂಸ್ಕಾರಗಳನ್ನೂ ನಡೆಸಲು 1989ರ ವಿಚಿಟಾ ಸಮ್ಮೇಳನ ಒಪ್ಪಿತು. ಇದು 14ನೆಯ ಕಲಮಿಗೆ ವಿರೋಧವೆಂಬ ತಕರಾರು ಅಡಗಲಿಲ್ಲ. 2016ರಲ್ಲಿ ಸಿನಡ್ ಅಂಥವರನ್ನು ಪರೀಕ್ಷಿಸಿ ದೀಕ್ಷೆ ಕೊಡುವ ದಾರಿ ಹಿಡಿಯಿತು. ಬಲ್ಮಠದ ಹಳೆಯ ಉಪದೇಶಿಗಳಿಗೆ ಸಂಸ್ಕಾರ ನಡೆಸುವ ಪರವಾನಗಿಯೂ ಇರಲಿಲ್ಲ, ಹೀಗೆ ದೀಕ್ಷೆಗೆ ಏರುವ ಸುಲಭದ ಮೆಟ್ಟಿಲೂ ಇರಲಿಲ್ಲ.