ಬಿಹಾರದ ಭೂಕಂಪ ಮತ್ತು ಪಾಪದ ಲೆಕ್ಕ

1934ರ ಜನವರಿ 15, ಸೋಮವಾರ. ಮಧ್ಯಾಹ್ನ 2 ಗಂಟೆ ದಾಟಿ ಸ್ವಲ್ಪ ಹೊತ್ತಾಗಿತ್ತು. ಉತ್ತರ ಬಿಹಾರದ ನೆಲ ನಡುಗಿತು. ಮುಂಗೇರ್ ಪಟ್ಟಣದ ಪೇಟೆಬೀದಿ ಇಟ್ಟಿಗೆಯ ಗುಡ್ಡೆಯಾಯಿತು. ಮುಜಫ್ಫರಪುರ, ದರ್ಭಂಗಾ, ಮೋತಿಹಾರಿ ಕಡೆ ಹೊಲಗಳು ಬಾಯಿಬಿಟ್ಟು, ಒಳಗಿನ ನೀರೂ ಮರಳೂ ಬುಗ್ಗೆಯಾಗಿ ಎದ್ದವು. ಬಾವಿಗಳು ಮರಳಿನಿಂದ ಹೂತುಹೋದವು. ಬಿಹಾರವೊಂದರಲ್ಲೇ 7,000ಕ್ಕೂ ಹೆಚ್ಚು ಜನ ಸತ್ತರು. ನೇಪಾಳದ್ದೂ ಕೂಡಿಸಿದರೆ 10,000 ದಾಟುತ್ತದೆ.

ಆಗ ಗಾಂಧೀಜಿ ದಕ್ಷಿಣದಲ್ಲಿದ್ದರು. 1933ರ ನವೆಂಬರಿನಲ್ಲಿ ವಾರ್ಧಾದಿಂದ ಹೊರಟ ಹರಿಜನ ಪ್ರವಾಸ ಅದು. ನಮ್ಮ ಮೈಸೂರು ಸೀಮೆಗೂ ಅದೇ ಪ್ರವಾಸದಲ್ಲಿ ಬಂದಿದ್ದರು. ಜನವರಿ 24ರಂದು ತಿರುನೆಲ್ವೇಲಿಯ ಸಭೆಯಲ್ಲಿ ಅವರು ಒಂದು ಮಾತಾಡಿದರು. ಈ ಭೂಕಂಪ ನಮ್ಮ ಪಾಪಗಳಿಗೆ ದೇವರು ಕೊಟ್ಟ ಶಿಕ್ಷೆ ಎಂದು ನಾನು ನಂಬುತ್ತೇನೆ, ಆ ಪಾಪಗಳಲ್ಲಿ ದೊಡ್ಡದು ಅಸ್ಪೃಶ್ಯತೆ, ಅಂತ.

ಕೇಳೋಕೆ ನಮಗೆ ಹಿತವಾಗಬೇಕಾದ ಮಾತು ತಾನೆ? ಸಾವಿರಾರು ವರ್ಷ ನಮ್ಮನ್ನು ಊರಾಚೆ ಇಟ್ಟವರಿಗೆ ದೇವರೇ ಬುದ್ಧಿ ಕಲಿಸಿದ ಅಂದಹಾಗಾಯಿತಲ್ಲ. ಆದರೆ ಆ 'ನಮ್ಮ ಪಾಪ' ಅನ್ನೋದರಲ್ಲಿ 'ನಮ್ಮ' ಅಂದರೆ ಯಾರು? ಮುಸಹರರೂ ದುಸಾಧರೂ ಡೋಮರೂ ಅದೇ ನೆಲದ ಮೇಲಿದ್ದರು. ಅಸ್ಪೃಶ್ಯತೆಯನ್ನು ಅವರು ಆಚರಿಸಿದವರಲ್ಲ, ಉಂಡವರು. ಗೋಡೆ ಬೀಳುವಾಗ ಜಾತಿ ಕೇಳಿ ಬೀಳಲಿಲ್ಲ. ತಪ್ಪು ಮಾಡಿದವನನ್ನೂ ಆ ತಪ್ಪಿಗೆ ಸಿಕ್ಕು ನರಳಿದವನನ್ನೂ ಒಂದೇ ಏಟಿಗೆ ಹೊಡೆಯುವವನನ್ನು ನ್ಯಾಯಾಧೀಶ ಅಂತ ಹೇಗೆ ಕರೆಯೋದು?

ಹುಲ್ಲಿನ ಜೋಪಡಿ ಬಿದ್ದರೆ ಇಟ್ಟಿಗೆ ಮನೆಯಷ್ಟು ಕೊಲ್ಲುವುದಿಲ್ಲ, ನಿಜ. ಹಾಗಂತ ದೇವರು ಬಡವರ ಪಕ್ಷ ಅನ್ನೋಕೆ ಹೊರಟರೆ, ಮರಳು ಮುಚ್ಚಿದ ಹೊಲದಲ್ಲಿ ಕೂಲಿ ಹೋದದ್ದು ಯಾರದು ಅಂತ ಕೇಳಬೇಕಾಗುತ್ತದೆ.

ಗಾಂಧೀಜಿಯ ಮಾತಿಗೆ ಮೊದಲು ಎದುರಾಡಿದವರು ರವೀಂದ್ರನಾಥ ಠಾಕೂರರು. ಅಸ್ಪೃಶ್ಯತೆಯ ವಿಷಯದಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಆದರೂ ಕವಿಗೆ ಸುಮ್ಮನಿರಲಾಗಲಿಲ್ಲ. ಪ್ರಕೃತಿಯ ಅವಘಡಗಳಿಗೆ ಪ್ರಕೃತಿಯಲ್ಲೇ ಕಾರಣಗಳಿವೆ ಎಂದರು. ಕ್ರೌರ್ಯದಿಂದ ನೀತಿಪಾಠ ಹೇಳುವ ದೇವರಿಗಿಂತ ಮನುಷ್ಯನೇ ನೀತಿವಂತನೆಂದು ಒಪ್ಪಬೇಕಾಗುತ್ತದೆ ಎಂದರು. ಇಂಥ ತರ್ಕ ಗಾಂಧಿಯವರಿಗಿಂತ ಅವರ ವಿರೋಧಿಗಳಿಗೇ ಚೆನ್ನಾಗಿ ಒಗ್ಗುತ್ತದೆ ಎಂದೂ ಎಚ್ಚರಿಸಿದರು.

ಆದದ್ದೂ ಹಾಗೇ. ಸನಾತನಿಗಳು ಅದೇ ಭೂಕಂಪವನ್ನು ಎತ್ತಿಕೊಂಡು, ಇದು ಅಸ್ಪೃಶ್ಯತೆ ಬಿಡಿಸಲು ಹೊರಟ ಪಾಪಕ್ಕೆ ಬಂದ ಶಿಕ್ಷೆ ಎಂದು ತಿರುಗಿಸಿದರು. ಈಗ ಯಾರ ಮಾತು ನಿಜ? ಸಾಕ್ಷಿ ಹೇಳಬೇಕಾದ ದೇವರು ಬಾಯಿ ಬಿಡುವುದಿಲ್ಲ. ಬಿಹಾರಕ್ಕೆ ಹೋಗಿ ಅವಶೇಷಗಳ ನಡುವೆ ಓಡಾಡಿ ಬಂದ ನೆಹರೂ ಕೂಡ ತಮ್ಮ ಆತ್ಮಕಥೆಯಲ್ಲಿ ಈ ಹೇಳಿಕೆಯಿಂದ ತಮಗೆ ಆಘಾತವಾಯಿತೆಂದು ಬರೆದರು. ಇದು ಕಾನೂನುಭಂಗ ಚಳವಳಿಗೆ ಸಿಕ್ಕ ಶಿಕ್ಷೆ ಅಂತ ಬ್ರಿಟಿಷ್ ಸರ್ಕಾರವೂ ಹೇಳಬಹುದಲ್ಲ ಎನ್ನುವುದು ಅವರ ಪ್ರಶ್ನೆ.

ಗಾಂಧೀಜಿಯ ದೊಡ್ಡತನವನ್ನೂ ಹೇಳಬೇಕು. ಠಾಕೂರರ ಟೀಕೆಯನ್ನು ಅವರು ತಮ್ಮದೇ 'ಹರಿಜನ' ಪತ್ರಿಕೆಯಲ್ಲಿ, 1934ರ ಫೆಬ್ರವರಿ 16ರ ಸಂಚಿಕೆಯಲ್ಲಿ ಅಚ್ಚು ಹಾಕಿದರು. ಜತೆಗೇ ಉತ್ತರವನ್ನೂ ಬರೆದರು. ದೇವರ ನಿಯಮಗಳು ನನಗೆ ಗೊತ್ತಿಲ್ಲ, ಇದನ್ನು ಸಾಧಿಸಿ ತೋರಿಸಲಾರೆ, ಆದರೆ ನಂಬುತ್ತೇನೆ. ನನ್ನ ನಂಬಿಕೆ ಹುಸಿಯಾದರೂ ನಷ್ಟವಿಲ್ಲ, ಆತ್ಮಶುದ್ಧಿಗೆ ಅದು ಪ್ರೇರಣೆಯಾದರೆ ಸಾಕು. ಅವರ ಉತ್ತರದ ಸಾರ ಇಷ್ಟು.

ನಷ್ಟವಿಲ್ಲವೇ? ಇಲ್ಲೇ ಇರೋದು ಜಗಳ.

ತತ್ವಶಾಸ್ತ್ರದ ಮೇಷ್ಟ್ರುಗಳು ಈ ಪ್ರಶ್ನೆಯನ್ನು ಹೀಗೆ ಇಡುತ್ತಾರೆ: ದೇವರು ಒಳ್ಳೆಯವನೂ ಸರ್ವಶಕ್ತನೂ ಆಗಿದ್ದರೆ ಲೋಕದಲ್ಲಿ ಕೇಡು ಯಾಕಿದೆ? ತಡೆಯಲಾರನೋ, ತಡೆಯಲೊಲ್ಲನೋ? ಯುರೋಪಿನಲ್ಲಿ ಈ ವಾದಕ್ಕೆ ಬೆಂಕಿ ಹೊತ್ತಿಸಿದ್ದೂ ಒಂದು ಭೂಕಂಪವೇ. 1755ರ ನವೆಂಬರ್ 1, ಸಕಲ ಸಂತರ ಹಬ್ಬದ ಬೆಳಿಗ್ಗೆ, ಲಿಸ್ಬನ್ ನಗರದ ಚರ್ಚುಗಳು ಪ್ರಾರ್ಥನೆಗೆ ಕೂಡಿದವರ ಮೇಲೇ ಬಿದ್ದವು. ಎಲ್ಲ ಒಳ್ಳೆಯದಕ್ಕೇ ಅನ್ನುವ ಪಂಡಿತರನ್ನು ವೋಲ್ತೇರ್ ಅಲ್ಲಿಂದಾಚೆ ಅಟ್ಟಾಡಿಸಿಬಿಟ್ಟ. ನಿರಪರಾಧಿ ಯಾಕೆ ಸಾಯಬೇಕು ಅನ್ನೋದು ಅವರ ತಲೆಬೇನೆಯಾಗಿತ್ತು.

ನಮ್ಮಲ್ಲಿ ಆ ತಲೆಬೇನೆ ಯಾರಿಗೂ ಬರದ ಹಾಗೆ ಮೊದಲೇ ಮದ್ದು ಅರೆದು ಇಟ್ಟಿದ್ದರು. ಇಲ್ಲಿ ನಿರಪರಾಧಿ ಅನ್ನೋನೇ ಇಲ್ಲ. ಮಗು ಕುರುಡಾಗಿ ಹುಟ್ಟಿದರೆ ಹಿಂದಿನ ಜನ್ಮ. ಹೆಂಗಸು ಮುಂಡೆಯಾದರೆ ಹಿಂದಿನ ಜನ್ಮ. ಹೊಲಗೇರಿಯಲ್ಲಿ ಹುಟ್ಟಿದರೆ ಅದೂ ಹಿಂದಿನ ಜನ್ಮ. ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ ಈ ಸಮಸ್ಯೆಗೆ ಲೋಕ ಕಂಡುಕೊಂಡ ಉತ್ತರಗಳಲ್ಲೇ ಕರ್ಮಸಿದ್ಧಾಂತ ಅತ್ಯಂತ ಪರಿಪೂರ್ಣವಾದದ್ದು ಎಂದಿದ್ದ. ಪರಿಪೂರ್ಣವೇ ಹೌದು. ಸಿಕ್ಕಿಬಿದ್ದವನು ನುಸುಳಿ ಹೊರಗೆ ಬರೋಕೆ ಅದರಲ್ಲಿ ಒಂದು ಸಂದೂ ಇಲ್ಲ. ನಮ್ಮ ಕೇರಿಯ ಅವ್ವಂದಿರು ಇವತ್ತಿಗೂ 'ನಾವು ಪಡಕೊಂಡು ಬಂದದ್ದೇ ಇಷ್ಟು ಕಣಪ್ಪ' ಅಂತಾರೆ. ಅವರಿಗೆ ವೇದ ಕೇಳುವ ಹಕ್ಕೂ ಇರಲಿಲ್ಲ. ಆದರೆ ಈ ಒಂದು ಪಾಠ ಮಾತ್ರ ಯಾವ ಅಡ್ಡಿ ಆತಂಕವಿಲ್ಲದೆ ಹಟ್ಟಿಯ ಒಲೆಯ ಮುಂದಕ್ಕೂ ಬಂದು ಕೂತಿತು. ಮುಟ್ಟಿದರೆ ಮೈಲಿಗೆಯಾಗದ ಒಂದೇ ಶಾಸ್ತ್ರ ಇದು!

ತಿರುನೆಲ್ವೇಲಿಯ ಮಾತನ್ನು ಈಗ ಇದರ ಪಕ್ಕದಲ್ಲಿಟ್ಟು ನೋಡಿ. ಕಷ್ಟ ಬಂದಿದೆ, ಆದ್ದರಿಂದ ಪಾಪ ಮಾಡಿರಲೇಬೇಕು. ಇದೇ ಅಲ್ಲವೇ ನಮ್ಮ ಮುತ್ತಾತಂದಿರ ಕೊರಳಿಗೆ ಕಟ್ಟಿದ ಲೆಕ್ಕ? ಗಾಂಧೀಜಿ ಅದನ್ನು ಸವರ್ಣೀಯರ ಕಡೆಗೆ ತಿರುಗಿಸಿದರು. ಅವರ ಉದ್ದೇಶದ ಬಗ್ಗೆ ನನಗೆ ಅನುಮಾನವಿಲ್ಲ. ಅದೇ ಪ್ರವಾಸದ ದಿನಗಳಲ್ಲೇ, 1934ರ ಏಪ್ರಿಲ್‌ನಲ್ಲಿ ಬಿಹಾರದ ಜಸೀಡಿಹ್‌ನಲ್ಲಿ ಸನಾತನಿಗಳು ಅವರ ಕಾರಿನ ಮೇಲೆ ಬಿದ್ದರು, ಜೂನ್‌ನಲ್ಲಿ ಪುಣೆಯಲ್ಲಿ ಬಾಂಬು ಬಿತ್ತು. ಅವರು ಹೆದರಲಿಲ್ಲ. ಆದರೆ ಕೊಡಲಿಯ ಕಾವು ಬದಲಾಯಿತೇ ಹೊರತು ಅಲಗು ಹಳೆಯದೇ. ನರಳಿಕೆಯೇ ಪಾಪಕ್ಕೆ ಸಾಕ್ಷಿ ಎಂದು ಒಪ್ಪಿದ ಮೇಲೆ, ಬಿಹಾರದ ಹೆಣಗಳನ್ನು ತೋರಿಸಿ ಸವರ್ಣೀಯನನ್ನು ಹೆದರಿಸಿದ ಹಾಗೇ ನಮ್ಮ ಬೆತ್ತಲೆ ಬೆನ್ನು ತೋರಿಸಿ ನಮ್ಮ ಬಾಯನ್ನೂ ಮುಚ್ಚಿಸಬಹುದು. ಮುಚ್ಚಿಸಿದ್ದಾರೆ ಕೂಡ.

ಅಂಬೇಡ್ಕರ್ ಈ ದಾರಿ ಹಿಡಿಯಲಿಲ್ಲ. 1933ರ ಫೆಬ್ರವರಿ 11ರಂದು 'ಹರಿಜನ' ಪತ್ರಿಕೆಯ ಮೊದಲ ಸಂಚಿಕೆ ಬಂದಾಗಲೇ ಅವರು ಆಶೀರ್ವಾದದ ಸಂದೇಶ ಬರೆಯಲು ಒಪ್ಪದೆ ನಾಲ್ಕು ಮಾತಿನ ಹೇಳಿಕೆ ಕಳಿಸಿದ್ದರು: ಅಸ್ಪೃಶ್ಯ ಎಂಬುವನು ಜಾತಿಪದ್ಧತಿಯಿಂದ ಹುಟ್ಟಿದವನು, ಜಾತಿ ಇರುವವರೆಗೂ ಅವನೂ ಇರುತ್ತಾನೆ ಅಂತ. ಅದರಲ್ಲಿ ದೇವರ ಕೋಪವೂ ಇಲ್ಲ, ಆತ್ಮಶುದ್ಧಿಯೂ ಇಲ್ಲ. ರೋಗಕ್ಕೆ ಕಾರಣ ಇಂಥದ್ದು ಅಂತ ವೈದ್ಯ ಹೇಳಿದ ಹಾಗಿದೆ. 1935ರಲ್ಲಿ ಯೇವಲೆಯಲ್ಲಿ, ಹಿಂದೂವಾಗಿ ಹುಟ್ಟಿದರೂ ಹಿಂದೂವಾಗಿ ಸಾಯುವುದಿಲ್ಲ ಎಂದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧರಾದರು.

ತೀರಿಕೊಂಡ ಮರುವರ್ಷ ಪ್ರಕಟವಾದ 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಅವರು ಹಳೆಯ ಪ್ರಶ್ನೆಯನ್ನು ನೇರವಾಗಿಯೇ ಎತ್ತುತ್ತಾರೆ. ಸೃಷ್ಟಿಕರ್ತ ನ್ಯಾಯವಂತ, ದಯಾಳು ಆಗಿದ್ದರೆ ಇಷ್ಟೊಂದು ಅನ್ಯಾಯ ಯಾಕೆ? ದೇವರ ಮೇಲಿನ ನಂಬಿಕೆಯನ್ನು ಧಮ್ಮದಿಂದ ಆಚೆ ಇಡುತ್ತಾರೆ. ಹಿಂದಿನ ಜನ್ಮದ ಕರ್ಮದ ವಿಚಾರದಲ್ಲಂತೂ ಇನ್ನೂ ಹರಿತ. ಬಡವರ, ಕೆಳಗಿನವರ ಸ್ಥಿತಿಗೆ ರಾಜ್ಯವೂ ಸಮಾಜವೂ ಹೊಣೆಯಲ್ಲ ಅಂತ ತಪ್ಪಿಸಿಕೊಳ್ಳೋಕಲ್ಲದೆ ಈ ಸಿದ್ಧಾಂತಕ್ಕೆ ಬೇರೇನು ಉದ್ದೇಶ ಇದ್ದೀತು ಎನ್ನುತ್ತಾರೆ. ಕೇಡಿನ ಪ್ರಶ್ನೆಯನ್ನು ಆಕಾಶದಿಂದ ಇಳಿಸಿ ಊರ ಚಾವಡಿಯಲ್ಲಿ ನಿಲ್ಲಿಸಿದವರು ಅವರು.

ಭೂಕಂಪ ಯಾಕಾಯಿತು ಅನ್ನೋದು ಇವತ್ತು ಶಾಲೆಯ ಮಕ್ಕಳಿಗೂ ಗೊತ್ತು. ಭಾರತದ ಭೂಫಲಕ ಉತ್ತರಕ್ಕೆ ಸರಿದು ಹಿಮಾಲಯದಡಿ ನುಗ್ಗುತ್ತಿದೆ. 1934ರ ಕಂಪನದ ಕೇಂದ್ರ ಪೂರ್ವ ನೇಪಾಳದಲ್ಲಿತ್ತು; ಆಗ ಬಿದ್ದ ಕಠ್ಮಂಡುವಿನ ಧರಹರಾ ಗೋಪುರವನ್ನು ಮತ್ತೆ ಕಟ್ಟಿದರು, 2015ರಲ್ಲಿ ಅದು ಮತ್ತೆ ಬಿತ್ತು. ಇದರಲ್ಲಿ ಯಾರ ಪಾಪವೂ ಇಲ್ಲ. ಪಾಪ ಶುರುವಾಗೋದು ನೆಲ ನಿಂತ ಮೇಲೆ.

2001ರ ಜನವರಿ 26ರಂದು ಗುಜರಾತಿನ ಕಛ್ ನಡುಗಿತು. ಆಮೇಲೆ ಅಲ್ಲಿ ಎದ್ದ ಪರಿಹಾರ ಶಿಬಿರಗಳು ಜಾತಿವಾರು ಎದ್ದವೆಂದೂ ದಲಿತರಿಗೆ ನೆರವಿನಲ್ಲಿ ಕಡಿಮೆಯಾಯಿತೆಂದೂ ಮಾನವ ಹಕ್ಕುಗಳ ಸಂಘಟನೆಗಳು ವರದಿ ಮಾಡಿದವು. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ನಾಗಪಟ್ಟಣಂ ಜಿಲ್ಲೆಯ ಶಿಬಿರಗಳಿಂದ ದಲಿತರನ್ನು ಹೊರಗೆ ಕಳಿಸಿದ, ಕುಡಿಯುವ ನೀರಿನ ಟ್ಯಾಂಕು ಮುಟ್ಟಗೊಡದ ಸುದ್ದಿಗಳು ಬಂದವು. ಅದೇ ನಾಗಪಟ್ಟಣಂನಲ್ಲಿ ಕೊಳೆಯುತ್ತಿದ್ದ ಹೆಣಗಳನ್ನು ಎತ್ತಲು ಬೇರೆ ಬೇರೆ ಊರಿನ ಪುರಸಭೆಗಳಿಂದ ಪೌರಕಾರ್ಮಿಕರನ್ನು ಕರೆಸಿದರು. ಬಂದವರಲ್ಲಿ ಹೆಚ್ಚಿನವರು ದಲಿತರು. ಎಲ್ಲ ಜಾತಿಯ ಹೆಣಗಳನ್ನೂ ಅವರೇ ಎತ್ತಿದರು.