ಕ್ಯಾಮರಾದ ನೋಟದ ಕಿಂಡಿ

ಛಾಯಾಚಿತ್ರವನ್ನು ತೆಗೆಯುವವನು ಮೊದಲು ಮಾಡತಕ್ಕುದು ತೆಗೆಯಲಿರುವುದನ್ನು ಚೆನ್ನಾಗಿ ನೋಡುವುದು. ಅದಕ್ಕಾಗಿ ಯಂತ್ರದಲ್ಲಿಟ್ಟಿರುವ ಕಿಂಡಿಗೆ ವ್ಯೂಫೈಂಡರ್ ಎಂದು ಹೆಸರು. ಮಸೂರದ ಗುಣದೋಷಗಳನ್ನು ಚರ್ಚಿಸುವವರು ಅನೇಕರು. ಕಿಂಡಿಯ ಮಾತನ್ನೆತ್ತುವವರು ವಿರಳ. ಆದರೂ ಡಿಜಿಟಲ್ ಕ್ಯಾಮರಾದ ಚರಿತ್ರೆಯಲ್ಲಿ ಅತ್ಯಂತ ವಿಚಿತ್ರವಾದ ಅಧ್ಯಾಯವು ಈ ಕಿಂಡಿಯದೇ. ಕಿಂಡಿಯಿದ್ದ ದೊಡ್ಡ ಯಂತ್ರವು ಚಲಚ್ಚಿತ್ರವನ್ನು ತೆಗೆಯಲು ಕಲಿತೊಡನೆಯೇ, ಚಿತ್ರ ತೆಗೆಯುವಷ್ಟು ಹೊತ್ತೂ ಅದರ ಕಿಂಡಿಗೆ ಕತ್ತಲೆ ಕವಿಯಿತು.

ಇದು ಹೇಗಾಯಿತೆಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ರಾಸಾಯನಿಕ ಛಾಯಾಚಿತ್ರವು ಹುಟ್ಟುವುದಕ್ಕೆ ಶತಮಾನಕ್ಕೂ ಮೊದಲೇ, 1685ರಲ್ಲಿ, ಯೋಹಾನ್ ಝಾನ್ ಎಂಬ ಜರ್ಮನ್ ಪಂಡಿತನು ಪೆಟ್ಟಿಗೆಯೊಳಗೆ ಓರೆಯಾಗಿ ಕನ್ನಡಿಯನ್ನಿಟ್ಟು, ಮಸೂರದಿಂದ ಬಂದ ಬಿಂಬವನ್ನು ಮೇಲಿನ ಗಾಜಿನ ಮೇಲೆ ಬೀಳಿಸುವ ಯಂತ್ರವನ್ನು ವರ್ಣಿಸಿದ್ದನು. ಆ ಕನ್ನಡಿಯ ತತ್ತ್ವವೇ 1936ರ ಎಕ್ಸಾಕ್ಟಾದಲ್ಲಿ 35 ಮಿಲಿಮೀಟರಿನ ಸಣ್ಣ ಫಿಲ್ಮಿಗೆ ಹೊಂದಿಕೊಂಡು ಬಂದಿತು. 1949ರ ಕಾಂಟಾಕ್ಸ್ ಎಸ್ ಯಂತ್ರದಲ್ಲಿ ಪಂಚಕೋನದ ಗಾಜಿನ ಪಟ್ಟಕವು ಸೇರಿ, ಎಡಬಲಗಳು ಅದಲುಬದಲಾಗದ ನೆಟ್ಟನೆಯ ನೋಟವು ಕಣ್ಣಿನ ಮಟ್ಟಕ್ಕೇ ದೊರೆಯಿತು. ಗುಂಡಿಯನ್ನು ಒತ್ತಿದಾಗ ಕನ್ನಡಿಯು ಮೇಲೇಳುವುದು. ಬೆಳಕು ಫಿಲ್ಮಿಗೆ ಹೋಗುವುದು. ಕಿಂಡಿಯು ಎವೆಯಿಕ್ಕುವಷ್ಟು ಹೊತ್ತು ಕಪ್ಪಾಗುವುದು. ಸ್ಥಿರಚಿತ್ರಕ್ಕೆ ಇದರಿಂದ ಬಾಧಕವಿರಲಿಲ್ಲ.

ಡಿಜಿಟಲ್ ಯುಗದ ಸಣ್ಣ ಕ್ಯಾಮರಾಗಳು ಬೇರೆ ದಾರಿಯನ್ನು ಹಿಡಿದುವು. 1995ರಲ್ಲಿ ಮಾರಾಟಕ್ಕೆ ಬಂದ ಕ್ಯಾಸಿಯೋ ಕ್ಯೂವಿ-10 ಯಂತ್ರಕ್ಕೆ ಕಿಂಡಿಯೇ ಇರಲಿಲ್ಲ; ಬೆನ್ನಮೇಲೆ 1.8 ಅಂಗುಲದ ತೆರೆಯೊಂದಿದ್ದಿತು. ನೋಡಿದುದನ್ನು ಆ ಕ್ಷಣವೇ ನಾಲ್ವರಿಗೆ ತೋರಿಸಬಹುದೆಂಬ ಸುಖವೇನೋ ದೊಡ್ಡದು. ಆದರೆ ನಡುಹಗಲಿನ ಬಿಸಿಲಿನಲ್ಲಿ ಇಂತಹ ತೆರೆಯು ಬರಿಯ ಮಸಿಹಲಗೆ. ಅದನ್ನು ನೋಡಲು ತೋಳು ಚಾಚಿ ಹಿಡಿದರೆ ಕೈ ನಡುಗುವುದು. ಹತ್ತಿರ ಹಿಡಿದರೆ ಚಾಳೀಸಿನ ವಯಸ್ಸಿನವರಿಗೆ ಕಾಣದು. ನಲ್ವತ್ತು ದಾಟಿದವರೂ ಚಿತ್ರ ತೆಗೆಯುವರೆಂಬುದು ಈ ಶಿಲ್ಪಿಗಳಿಗೆ ಹೊಳೆಯಲಿಲ್ಲವೋ ಏನೋ! ಮುಂದೆ ಕೆಲವು ವರ್ಷ ಸಣ್ಣ ಯಂತ್ರಗಳಲ್ಲಿ ಪುಟ್ಟ ಗಾಜಿನ ಕಿಂಡಿಯೂ ಇರುತ್ತಿದ್ದುದುಂಟು. ಅದು ಮಸೂರದ ಪಕ್ಕದಲ್ಲಿ ಪ್ರತ್ಯೇಕವಾಗಿದ್ದುದರಿಂದ ಯಂತ್ರವು ಕಂಡುದೊಂದು, ಕಣ್ಣು ಕಂಡುದು ಮತ್ತೊಂದು. ತೆರೆಯು ದೊಡ್ಡದಾದಂತೆ ಆ ಕಿಂಡಿಯೂ ಬಹುಮಟ್ಟಿಗೆ ಮಾಯವಾಯಿತು.

ಕಥೆಯ ಮರ್ಮವಿರುವುದು 2008ನೆಯ ಇಸವಿಯ ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ. ಆಗಸ್ಟಿನಲ್ಲಿ ಪ್ರಕಟವಾದ ನಿಕಾನ್ ಡಿ90 ಚಲಚ್ಚಿತ್ರವನ್ನು ತೆಗೆಯಬಲ್ಲ ಮೊದಲನೆಯ ಡಿಜಿಟಲ್ ಎಸ್‌ಎಲ್‌ಆರ್, ಎಂದರೆ ಕನ್ನಡಿಯ ಕ್ಯಾಮರಾ. 720 ಸಾಲುಗಳ ಚಿತ್ರ, ಸೆಕೆಂಡಿಗೆ 24 ಚೌಕಟ್ಟು, ಒಮ್ಮೆಗೆ ಐದೇ ನಿಮಿಷ. ಸೆಪ್ಟೆಂಬರಿನಲ್ಲಿ ಕ್ಯಾನನ್ 5ಡಿ ಮಾರ್ಕ್ 2 ಬಂದಿತು; ಅದರದು 1080 ಸಾಲುಗಳು. ಚಲಚ್ಚಿತ್ರಕ್ಕಾದರೋ ಸಂವೇದಕದ ಮೇಲೆ ಬೆಳಕು ಸತತವಾಗಿ ಬೀಳುತ್ತಿರಬೇಕು. ಆದಕಾರಣ ಕನ್ನಡಿಯು ಎದ್ದೇ ನಿಲ್ಲಬೇಕು. ಎದ್ದು ನಿಂತರೆ ಪಟ್ಟಕಕ್ಕೆ ಬೆಳಕಿಲ್ಲ, ಕಿಂಡಿಯು ಕುರುಡು. ವೇಗವಾಗಿ ನಾಭಿಯನ್ನು ಹೊಂದಿಸುವ ಸಾಧನವೂ ಆ ಕನ್ನಡಿಯ ಬೆಳಕನ್ನೇ ನಂಬಿಕೊಂಡಿದ್ದುದರಿಂದ ಅದಕ್ಕೂ ಅದೇ ಗತಿ. ಅರ್ಧಶತಮಾನಕ್ಕೂ ಮಿಕ್ಕಿ ತಿದ್ದಿ ತೀಡಿದ ಕಿಂಡಿಯನ್ನು ಬಿಟ್ಟು ಕುಶಲಿಗಳು ಬೆನ್ನಿನ ತೆರೆಯನ್ನು ಆಶ್ರಯಿಸಬೇಕಾಯಿತು.

ಅದೇ ಸೆಪ್ಟೆಂಬರಿನಲ್ಲಿ ಪ್ಯಾನಸಾನಿಕ್ ಸಂಸ್ಥೆಯು ಕನ್ನಡಿಯನ್ನೇ ತೆಗೆದುಹಾಕಿ, ಕಿಂಡಿಯೊಳಗೆ 14.4 ಲಕ್ಷ ಚುಕ್ಕೆಗಳ ಪುಟ್ಟ ತೆರೆಯನ್ನು ಕೂಡಿಸಿದ ಜಿ1 ಎಂಬ ಯಂತ್ರವನ್ನು ಪ್ರಕಟಿಸಿತು. ಚಲಚ್ಚಿತ್ರಕ್ಕೆ ಬೇಕಾದ ಕಿಂಡಿಯು ಇದೇ. ಆದರೆ ಜಿ1ಕ್ಕೆ ಚಲಚ್ಚಿತ್ರವನ್ನು ತೆಗೆಯಲು ಬರುತ್ತಿರಲಿಲ್ಲ! ಚಲಚ್ಚಿತ್ರವಿದ್ದಲ್ಲಿ ಕಿಂಡಿಯಿಲ್ಲ, ಕಿಂಡಿಯಿದ್ದಲ್ಲಿ ಚಲಚ್ಚಿತ್ರವಿಲ್ಲ. ಇವೆರಡೂ ಒಂದಾದುದು ಮರುವರ್ಷದ ಜಿಎಚ್1ರಲ್ಲಿ.

ಆದರೂ ಜನರು ಮುಗಿಬಿದ್ದುದು ಕ್ಯಾನನ್ನಿನ ಮೇಲೆಯೇ. ಅದರ ಸಂವೇದಕವು ಹಿರಿದು, ಹಿನ್ನೆಲೆಯು ಮೃದುವಾಗಿ ಮಸುಕಾಗುವ ಚೆಲುವು ಬೇರೆ. 2010ರಲ್ಲಿ ಅಮೆರಿಕದ 'ಹೌಸ್' ಎಂಬ ದೂರದರ್ಶನ ಮಾಲಿಕೆಯ ಒಂದು ಕಂತನ್ನೇ ಅದರಿಂದ ತೆಗೆದರು. ಕಾಣದ ಕಿಂಡಿಗೆ ಪ್ರತಿಯಾಗಿ ಕುಶಲಿಗಳು ಬೆನ್ನಿನ ತೆರೆಗೆ ಭೂತಗನ್ನಡಿಯುಳ್ಳ ಕಪ್ಪು ಗೂಡೊಂದನ್ನು ಸಿಕ್ಕಿಸಿಕೊಂಡು ಅದರೊಳಗೆ ಕಣ್ಣಿಟ್ಟರು. ಹಿಂದಿನ ಛಾಯಾಗ್ರಾಹಕನು ತಲೆಯಮೇಲೆ ಹೊದ್ದುಕೊಳ್ಳುತ್ತಿದ್ದ ಕರಿಯ ಬಟ್ಟೆಗೂ ಇದಕ್ಕೂ ಹೆಚ್ಚಿನ ಭೇದವಿಲ್ಲ.

2010ರಲ್ಲೇ ಸೋನಿ ಸಂಸ್ಥೆಯು ಎ55 ಯಂತ್ರದಲ್ಲಿ ಅರೆಪಾರದರ್ಶಕವಾದ ಕನ್ನಡಿಯನ್ನು ಅಲುಗದಂತೆ ನಿಲ್ಲಿಸಿ ಬೆಳಕನ್ನು ಎರಡು ಪಾಲು ಮಾಡಿತು. ಒಂದು ಪಾಲು ಸಂವೇದಕಕ್ಕೆ, ಇನ್ನೊಂದು ನಾಭಿಯ ಸಾಧನಕ್ಕೆ. ಕಿಂಡಿಯಲ್ಲಿ ಮಾತ್ರ ವಿದ್ಯುತ್ತಿನ ತೆರೆಯೇ. ಇದು ಜಾಣ ಉಪಾಯವಾದರೂ ನಡುದಾರಿಯದು. 2018ರಲ್ಲಿ ನಿಕಾನ್ ಝಡ್ ಮತ್ತು ಕ್ಯಾನನ್ ಇಒಎಸ್ ಆರ್ ಬಂದಾಗ ಕನ್ನಡಿಯ ಇಬ್ಬರು ಹಿರಿಯ ಒಕ್ಕಲಿಗರೂ ಹೊಸ ಹೊಲವನ್ನೇ ನೆಚ್ಚಿದಂತಾಯಿತು. ಚಲಚ್ಚಿತ್ರವನ್ನೇ ಮುಖ್ಯವಾಗಿ ಉದ್ದೇಶಿಸಿದ 2020ರ ಸೋನಿ ಎ7ಎಸ್ 3ರ ಕಿಂಡಿಯಲ್ಲಿ ಚುಕ್ಕೆಗಳು 94.4 ಲಕ್ಷ.

ಈ ಕಿಂಡಿಯಲ್ಲಿ ಕಾಣುವುದು ಬೆಳಕಲ್ಲ, ಬೆಳಕಿನ ಚಿತ್ರ. ಅದೂ ಒಂದು ಕ್ಷಣದ ಲೇಶದಷ್ಟು ಹಿಂದಿನದು. ಬ್ಯಾಟರಿ ಮುಗಿದರೆ ಅದೂ ಇಲ್ಲ. ಗಾಜಿನ ಕಿಂಡಿಯಾದರೋ ಯಂತ್ರವು ಮಲಗಿದ್ದರೂ ಲೋಕವನ್ನು ತೋರಿಸುತ್ತಲೇ ಇದ್ದಿತು. ಆದರೆ ಬಿಸಿಲಿನಲ್ಲಿ ನಿಂತು ಮೊಮ್ಮಗುವಿನ ಓಟವನ್ನು ಸೆರೆಹಿಡಿಯಬಯಸುವ ಅಜ್ಜನು ಪಕ್ಕದ ಸಣ್ಣ ತಿರುಪನ್ನು ತನ್ನ ಕಣ್ಣಿಗೆ ತಕ್ಕಂತೆ ತಿರುಗಿಸಿ, ಕನ್ನಡಕವನ್ನು ತೆಗೆದಿಟ್ಟು, ಚಲಚ್ಚಿತ್ರವನ್ನು ಮೊದಲಿನಿಂದ ಕಡೆಯವರೆಗೆ ಕಣ್ಣಾರೆ ನೋಡುತ್ತಲೇ ತೆಗೆಯಲು ಸಾಧ್ಯವಾದುದು ಈ ಹೊಸ ಕಿಂಡಿಯಿಂದಲೇ.